ಚಕ್ರ ಎತ್ತಿ ನೋಡದೆ ಆಕ್ಸಲ್ ಬದಲಾಯಿಸಿ ಎನ್ನುವವರಿಗೆ

ಈಗಷ್ಟೇ ಕೈಯ ಗ್ರೀಸು ತೊಳೆದುಕೊಂಡು ಬಂದು ಕುಳಿತಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಪಕ್ಕದ ಮನೆಯ ನರ್ಸಮ್ಮನ ಹಳೆಯ ಕಾರು ಬಲಕ್ಕೆ ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಪೇಟೆಯ ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಅಂಗಳದಲ್ಲೇ ಒಂದು ಸುತ್ತು ಹೊಡೆದು, "ಎರಡೂ ಕಡೆಯ ಆಕ್ಸಲ್ ಹೋಗಿದೆ, ಹೀಗೇ ಓಡಿಸಿದರೆ ನಡುದಾರಿಯಲ್ಲಿ ಕೈ ಕೊಡುತ್ತದೆ" ಎಂದು ಹೆದರಿಸಿ, 18 ಸಾವಿರ ರೂಪಾಯಿಯ ಅಂದಾಜು ಬರೆದು ಕೈಗಿಟ್ಟಿದ್ದಾರೆ. (ಆಕ್ಸಲ್ ಎಂದರೆ ಎಂಜಿನ್ನಿನ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ದಂಡ.) ಆಕೆ ಸಹಕಾರ ಸಂಘದಲ್ಲಿ ಸಾಲ ಕೇಳಲು ಹೊರಟಿದ್ದರು.

ಜಾಕ್ ಹಾಕಿ ಚಕ್ರ ಎತ್ತಲಿಲ್ಲ. ಕೈಯಿಂದ ತಿರುಗಿಸಿ ನೋಡಲಿಲ್ಲ. ನನ್ನ ತಕರಾರೆಲ್ಲ ಅಷ್ಟೇ.

ಘಾಟಿಯಲ್ಲಿ ಟ್ಯಾಕ್ಸಿ ಓಡಿಸಿಯೇ ಸಂಸಾರ ನಡೆಸಿದವನು ನಾನು ಎಂಬುದು ನಿಮಗೆಲ್ಲ ಗೊತ್ತು. ಆಗುಂಬೆಯ 14 ತಿರುವುಗಳನ್ನು ಮಳೆಗಾಲವಿಡೀ ಹತ್ತಿ ಇಳಿದವನಿಗೆ ತಿರುವಿನ ಸದ್ದುಗಳೆಲ್ಲ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಆಕ್ಸಲ್ ತುದಿಯ ಸಿ.ವಿ. ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಅದನ್ನು ಸುತ್ತಿಸುವ ಕೀಲು, ಸವೆದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕಟಕ ಎಂದು ಲೆಕ್ಕ ಹಿಡಿದು ಬಡಿಯುತ್ತದೆ. ಅದರೊಳಗಿನ ಉಕ್ಕಿನ ಗುಂಡುಗಳು ಸವೆದ ಹಳ್ಳಕ್ಕೆ ಬಿದ್ದೇಳುವ ಸದ್ದು ಅದು. ಜಾಯಿಂಟಿನ ಗ್ರೀಸು ಹಿಡಿದಿಡುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿದ್ದರೆ ಗ್ರೀಸು ಚಕ್ರದ ಒಳಮೈಗೆಲ್ಲ ಸಿಡಿದಿರುತ್ತದೆ. ಬಗ್ಗಿ ನೋಡಿದರೆ ಕಣ್ಣಿಗೆ ಬೀಳುತ್ತದೆ. ಸದ್ದು ಶುರುವಾಗುವ ಮೊದಲೇ ಅದು ಕಂಡರೆ ಬೂಟ್ ಮತ್ತು ಗ್ರೀಸು ಬದಲಾಯಿಸಿದರೆ ಸಾಕು, ಇಡೀ ಆಕ್ಸಲ್ ಬೇಕಾಗಿಲ್ಲ.

ಚಕ್ರ ಸಲೀಸಾಗಿ ತಿರುಗಲು ಆಧಾರವಾದ ಬೇರಿಂಗ್ ಹೋಗಿದ್ದರೆ ಗುಂಯ್ ಎಂಬ ಮೊರೆತ ವೇಗದ ಜೊತೆಗೇ ಏರುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದಾದ್ದರಿಂದ ಆಗ ಸದ್ದು ಜೋರಾದರೆ ಮೊದಲ ಅನುಮಾನ ಬಲಗಡೆಯದರ ಮೇಲೆ. ಇದನ್ನು ಮುಂದೂಡಬಾರದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಎಂದು ಸ್ಪ್ರಿಂಗ್ ಜಿಗಿದಂತಾದರೆ ಸ್ಟ್ರಟ್ಟಿನ (ಚಕ್ರದ ಮೇಲೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಹೊತ್ತ ಕಂಬದ) ಮೇಲ್ತುದಿಯನ್ನು ನೋಡಬೇಕು. ನೀರು ತುಂಬಿದ ರಸ್ತೆ ದಾಟಿ ಬಂದ ಮೇಲೆ ಸರಸರ ಎಂದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ಕಳಚಿ ಟೈರಿಗೆ ತಾಗುತ್ತಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಕರಕರ ಎಂದರೆ ಪ್ಯಾಡ್ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದೇ ತಿಳಿದು ಅವತ್ತೇ ಬಿಚ್ಚಿಸಬೇಕು. ಒಂದೊಂದಕ್ಕೂ ಒಂದೊಂದು ಗುರುತಿದೆ, ಕಿವಿಗೊಡಬೇಕು ಅಷ್ಟೇ.

ನರ್ಸಮ್ಮನ ಕಾರನ್ನು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ತಿರುವಿನಲ್ಲಿ ನ್ಯೂಟ್ರಲ್‌ಗೆ ತಂದೆ. ಸದ್ದು ಹಾಗೇ ಇತ್ತು. ಎಂಜಿನ್ನಿನ ಎಳೆತ ತಪ್ಪಿದ ಮೇಲೂ ಹೀಗೆ ಒಂದೇ ಸಮನೆ ಉಜ್ಜುತ್ತಿದ್ದರೆ ಆಕ್ಸಲ್ ಮೇಲೆ ಅಪವಾದ ಹೊರಿಸುವುದು ಹೇಗೆ? ಮನೆ ಮುಂದೆ ತಂದು, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಎಡಚಕ್ರ ಬಿಚ್ಚಿದೆ. (ಬರೀ ಜಾಕ್ ನಂಬಿ ಯಾರೂ ಕಾರಿನಡಿಗೆ ಕೈ ಹಾಕಬೇಡಿ.) ಎರಡೂ ಕಡೆಯ ಬೂಟ್ ಗಟ್ಟಿಯಾಗಿದ್ದವು, ಒಂದು ಹನಿ ಗ್ರೀಸು ಹೊರಬಂದಿರಲಿಲ್ಲ. ಬ್ರೇಕಿನ ಡಿಸ್ಕನ್ನು ಕೈಯಲ್ಲಿ ತಿರುಗಿಸಿದಾಗ ತಗಡಿನ ಮೇಲೆ ಮೊಳೆ ಎಳೆದಂತೆ ಸದ್ದಾಯಿತು. ಟಾರ್ಚ್ ಹಿಡಿದರೆ ಡಿಸ್ಕಿನ ಒಳಮೈಯಲ್ಲಿ ಉದ್ದಕ್ಕೂ ಹೊಳೆಯುವ ಹೊಸ ಗೀರು, ಅದರ ಹಿಂದಿನ ತೆಳು ತಗಡಿನ ರಕ್ಷಣೆಯ ಮಡಿಕೆಯಲ್ಲಿ ಒಂದು ಜಲ್ಲಿಕಲ್ಲು. ಕಡಲೆಬೀಜದಷ್ಟೂ ಇಲ್ಲ. ಒಂದು ಬದಿ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಬಲಕ್ಕೆ ತಿರುಗುವಾಗ ಭಾರ ಎಡಚಕ್ರಕ್ಕೆ ಬಿದ್ದು ಡಿಸ್ಕ್ ಕೂದಲೆಳೆಯಷ್ಟು ವಾಲಿದರೂ ಸಾಕು, ಕಲ್ಲು ಉಜ್ಜುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ, ಬಾಗಿದ್ದ ತಗಡನ್ನು ಬೆರಳಿನಲ್ಲೇ ನೆಟ್ಟಗೆ ಮಾಡಿದೆ, ಚಕ್ರ ಹಾಕಿ ನಟ್‌ಗಳನ್ನು ಬಿಗಿದೆ. ಮತ್ತೆ ಓಡಿಸಿದಾಗ ಸದ್ದೇ ಇಲ್ಲ. ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಗ್ಯಾರೇಜು ನಡೆಸುವ ಗೆಳೆಯರು ಈಗ ಏನು ಹೇಳುತ್ತಾರೆ ಎಂಬುದೂ ಗೊತ್ತಿದೆ. ಪರೀಕ್ಷೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ, ಬಿಡಿಭಾಗದ ಲಾಭದಲ್ಲೇ ಹುಡುಗರ ಸಂಬಳ ಕೊಡಬೇಕು ಎನ್ನುತ್ತಾರೆ. ಸರಿ, ಹಾಗಿದ್ದರೆ ತಪಾಸಣೆಗೆ ಇಷ್ಟು ಎಂದು ಬೋರ್ಡ್ ಹಾಕಿ. ಚಕ್ರ ಎತ್ತಿ ನೋಡುವುದಕ್ಕೆ ಐನೂರು ಕೇಳಿದರೂ ನಾನು ಕೊಡುತ್ತೇನೆ, ನರ್ಸಮ್ಮನೂ ಕೊಡುತ್ತಿದ್ದರು. ನೋಡುವ ಕೆಲಸಕ್ಕೆ ಕೂಲಿ ಕೇಳಲು ಸಂಕೋಚ, ನೋಡದೆ 18 ಸಾವಿರ ಬರೆಯಲು ಸಂಕೋಚವಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಈ ಸಿಟ್ಟು ಇವತ್ತಿನದಲ್ಲ. ಭಾವ ತೀರಿಕೊಂಡ ಮೇಲೆ ನನ್ನ ಅಕ್ಕ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದಳು. ಗ್ಯಾರೇಜಿಗೆ ಹೋಗುವಾಗಲೆಲ್ಲ "ನೀನು ಸುಮ್ಮನೆ ಬಂದು ನಿಂತುಕೋ, ಸಾಕು" ಎನ್ನುತ್ತಿದ್ದಳು. ನಾನು ಬಾಯಿ ಬಿಡದೆ ನಿಂತರೂ ಬಿಲ್ಲು ಇಳಿಯುತ್ತಿತ್ತು. ಹೆಂಗಸೊಬ್ಬಳು ಒಂಟಿಯಾಗಿ ಬಂದಳೆಂದರೆ ಚಕ್ರ ಎತ್ತಿ ನೋಡುವ ಅಗತ್ಯವೇ ಇಲ್ಲ ಎಂದುಕೊಳ್ಳುವವರನ್ನು ಅಂದಿನಿಂದ ಕಂಡಿದ್ದೇನೆ, ಇಂದೂ ಕಂಡೆ.

ಆದ್ದರಿಂದ ಯಾರಾದರೂ ಆಕ್ಸಲ್ ಹೋಗಿದೆ ಎಂದರೆ, ಹರಿದ ಬೂಟ್ ತೋರಿಸಿ ಎನ್ನಿ. ಬೇರಿಂಗ್ ಹೋಗಿದೆ ಎಂದರೆ, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕೈಯಿಂದ ತಿರುಗಿಸಿ ಕೇಳಿಸಿ ಎನ್ನಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ. ತೀರ್ಥಹಳ್ಳಿ, ಸಾಗರ, ಶಿವಮೊಗ್ಗದ ಕಡೆ ಚಕ್ರ ಎತ್ತಿ ನೋಡಿದ ಮೇಲೆಯೇ ಬಾಯಿ ಬಿಡುವ ಮೆಕ್ಯಾನಿಕ್‌ಗಳಿದ್ದರೆ ಕೆಳಗೆ ಬರೆಯಿರಿ. ನರ್ಸಮ್ಮನ ಆಸ್ಪತ್ರೆಯಲ್ಲಿ ಕಾರು ಓಡಿಸುವ ಇನ್ನೂ ಹಲವರಿದ್ದಾರಂತೆ, ಅವರಿಗೆಲ್ಲ ಕಳಿಸುತ್ತೇನೆ.