ಗೋಡೌನಿನೊಳಗೊಂದು ವಿಮಾನ

ವಿಮಾನ ಆಕಾಶದಲ್ಲಿ ಕೆಡುವುದು ಅಪರೂಪ. ಅದು ಕೆಡುವುದು ನಿಂತಲ್ಲೇ, ಅದೂ ನಾವು ಬೀಗ ಹಾಕಿಕೊಂಡು ಮನೆಗೆ ಹೋದ ಮೇಲೆ. ದಾವಣಗೆರೆ ಸೀಮೆಯಲ್ಲಿ ಹಗುರ ವಿಮಾನ ಸಾಕುವ ಆಸೆ ಇರುವವರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ‘ಸಾಕುವ’ ಅಂದದ್ದು ಬಾಯಿತಪ್ಪಿ ಅಲ್ಲ. ಜೋಡೆತ್ತು ಸಾಕಿದಷ್ಟೇ ಚಾಕರಿ ಇದಕ್ಕೂ ಬೇಕು. ಎತ್ತಾದರೆ ಹಸಿದಾಗ ಕೂಗಾದರೂ ಕೂಗುತ್ತದೆ.

ಇಲ್ಲಿ ಹೇಳುತ್ತಿರುವುದು ಟ್ರೈಕ್ ಎಂಬ ಜಾತಿಯ ವಿಷಯ. ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಗಾಲಿಯ ಗಾಡಿ, ಬೆನ್ನಿಗೆ ಎಂಜಿನ್, ಅದರ ಹಿಂದೆ ಪ್ರೊಪೆಲ್ಲರ್. ಆಟೋದ ಟಾಪು ಕಿತ್ತು ದೊಡ್ಡದೊಂದು ಗಾಳಿಪಟ ಕಟ್ಟಿದರೆ ಹೇಗೋ ಹಾಗೆ. ಹಗುರ ವಿಮಾನ ನಮಗೇನೂ ಹೊಸದಲ್ಲ. ಬೆಂಗಳೂರಿನ ರಾಜಹಂಸ ಎಂಬ ಕಂಪನಿ 1980ರ ದಶಕದಿಂದಲೇ ಇಂಥವನ್ನು ಕಟ್ಟಿ ಹೊರದೇಶಕ್ಕೂ ಕಳಿಸಿದೆ. ಆದರೆ ‘ನಮ್ಮದು ರಾಜಹಂಸ’ ಅಂತ ದಾವಣಗೆರೆಯಲ್ಲಿ ಹೇಳಿ ನೋಡಿ, ‘ಎಷ್ಟೊತ್ತಿಗೆ ಬಿಡ್ತತಿ? ದುರ್ಗದಾಗ ನಿಲ್ಲಸ್ತಾರೇನು?’ ಅನ್ನುತ್ತಾರೆ.

ಊರಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ವಿಮಾನ ಊರಿಗೆ ಬರುವುದು ಲಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 260 ಕಿ.ಮೀ. ಹೆದ್ದಾರಿ 48ರ ಮೇಲೆ. ಮಡಚಿ ಚೀಲಕ್ಕೆ ತುಂಬಿದ ರೆಕ್ಕೆ 18-19 ಅಡಿ ಉದ್ದ, 50 ಕೆ.ಜಿ. ಆಸುಪಾಸು. 407ರಲ್ಲಿ ಅರ್ಧ ಹೊರಗೆ ನೇತಾಡುತ್ತದೆ. ‘ತುದೀಗೆ ಕೆಂಪು ಬಟ್ಟಿ ಕಟ್ಟಿದ್ರಾತು ಬಿಡ್ರಿ’ ಅನ್ನುವ ಡ್ರೈವರಣ್ಣನ ಮಾತಿಗೆ ತಲೆಯಾಡಿಸದೆ 19 ಅಡಿಯ ಕ್ಯಾಂಟರ್ ಹಿಡಿಯಿರಿ. ರೆಕ್ಕೆಗೆ ಮೂರು ಕಡೆ ಆಸರೆ ಬೇಕು: ಎರಡೂ ತುದಿಗೆ ಒಂದೊಂದು, ನಡುವೆ ಒಂದು. ಪ್ರತಿ ಆಸರೆಯ ಮೇಲೆ ದಪ್ಪ ಫೋಮ್. ಕಟ್ಟಲು ಅಗಲವಾದ ಪಟ್ಟಿ ಬಳಸಿ, ನೂಲಿನ ಹಗ್ಗ ಬೇಡ. ಲಾರಿಯವರು ಕಾಲು ಕೊಟ್ಟು ಜಗ್ಗಿ ಬಿಗಿಯುವ ಗಂಟು ಚಳ್ಳಕೆರೆ ಈರುಳ್ಳಿ ಲೋಡಿಗೆ ಬಲು ಚೆನ್ನ. ರೆಕ್ಕೆಯ ಮುಂಚೂಣಿಯ ಅಲ್ಯೂಮಿನಿಯಂ ಪೈಪು ಅದೇ ಗಂಟಿಗೆ ಒಂದಿಷ್ಟು ತಗ್ಗಿತು ಅಂದರೆ ಅದರ ಕಥೆ ಮುಗಿಯಿತು. ಬಡಿದು ನೆಟ್ಟಗೆ ಮಾಡುವಂತಿಲ್ಲ, ಹೊಸದೇ ಹಾಕಬೇಕು.

ಇಳಿಸುವಾಗ ಇನ್ನೊಂದು ಗಂಡಾಂತರ ಹಮಾಲರ ರಟ್ಟೆಬಲ. ಎಪಿಎಂಸಿಯಲ್ಲಿ ದಿನಕ್ಕೆ ನೂರಾರು ಚೀಲ ಹೊರುವವರಿಗೆ 50 ಕೆ.ಜಿ. ಅಂದರೆ ನಗು. ನಾಲ್ಕು ಜನ ಸೇರಿ ಹಿಡಿಯಿರಿ ಅಂದರೆ ‘ಇಷ್ಟಕ್ಕಾ?’ ಅಂತ ಒಬ್ಬರೇ ನಡುಮಧ್ಯ ಹೆಗಲು ಕೊಟ್ಟು ಎತ್ತಿಬಿಡುತ್ತಾರೆ. ಎತ್ತಿದ್ದಕ್ಕೆ ಏನೂ ಆಗುವುದಿಲ್ಲ, ಆಗುವುದೆಲ್ಲ ಯಾರೋ ಕರೆದರು ಅಂತ ಅವರು ಹಿಂದಕ್ಕೆ ತಿರುಗಿದಾಗ. ಹಿಂದಿನ ಒಂಬತ್ತು ಅಡಿ ಪಕ್ಕದ ಅಂಗಡಿಯ ಬೋರ್ಡನ್ನು ಗುಡಿಸಿಕೊಂಡು ಹೋಗುತ್ತದೆ. ಗಾಡಿಯನ್ನು ಪ್ರೊಪೆಲ್ಲರ್ ಹಿಡಿದು ತಳ್ಳುವುದೂ ಅಷ್ಟೇ ಸಹಜವಾಗಿ ನಡೆಯುತ್ತದೆ. ಎಂಜಿನ್ ಆರಿದ್ದರೂ ಅದನ್ನು ಯಾರೂ ಮುಟ್ಟಬಾರದು.

200 ಕೆ.ಜಿ. ಚಿಲ್ಲರೆಯ ಇಡೀ ವಿಮಾನ ಕ್ಯಾಂಟರಿಗೆ ಲೆಕ್ಕಕ್ಕೇ ಇಲ್ಲ. ಟನ್‌ಗಟ್ಟಲೆ ಹೊರಲು ಮಾಡಿದ ಪಟ್ಟಿ ಸ್ಪ್ರಿಂಗು ಹಂಪು ಸಿಕ್ಕಲ್ಲೆಲ್ಲ ಕುಣಿಯುತ್ತದೆ, ಮೇಲಿನ ವಿಮಾನ ನೆಲದಲ್ಲೇ ಹಾರಾಟ ಶುರು ಮಾಡುತ್ತದೆ. ಅದಕ್ಕೆ ಹಿಂದಿನ ಅಚ್ಚಿನ ಮೇಲೆ ಇಪ್ಪತ್ತು ಮೂವತ್ತು ಚೀಲ ಮರಳು ಹೇರಿ. ವಿಮಾನ ಹಗುರ ಅಂತ ಕೊಂಡು, ಅದಕ್ಕೆ ಮರಳಿನ ಬಾಡಿಗೆ ಕೊಡುವ ಸುಖವೇ ಬೇರೆ. ಗಾಡಿಯನ್ನು ಬಿಗಿಯಬೇಕಾದ್ದು ಗಾಲಿಯ ಅಚ್ಚಿನ ಹತ್ತಿರ. ಪ್ರೊಪೆಲ್ಲರ್ ಗಾಳಿಗೆ ತಿರುಗದಂತೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿ, ಇಲ್ಲವಾದರೆ ದಾರಿಯುದ್ದಕ್ಕೂ ಗೇರ್‌ಬಾಕ್ಸ್ ಸುಮ್ಮನೆ ಸವೆಯುತ್ತದೆ. ಚೆಕ್‌ಪೋಸ್ಟಿನಲ್ಲಿ ‘ಇದರ ನಂಬರ್ ಕೆಎ 17 ಅಲ್ಲೇನ್ರಿ?’ ಅಂತ ಕೇಳುತ್ತಾರೆ. ವಿಟಿ ಅಂತ ಶುರುವಾಗುವ ನೋಂದಣಿ ಪತ್ರದ ಜೆರಾಕ್ಸ್ ಕೈಗೆ ಸಿಗುವಂತಿರಲಿ.

ಇನ್ನು ಇಡುವ ಜಾಗ. ದಾವಣಗೆರೆ ಮೆಕ್ಕೆಜೋಳದ ಕಣಜ ಅನ್ನುತ್ತಾರಲ್ಲ, ಹಾಗಾಗಿ ಬಾಡಿಗೆಗೆ ಸಿಗುವುದು ಜೋಳದ ಗೋಡೌನೇ. ಜೋಳ ಇದ್ದಲ್ಲಿ ಇಲಿ. ಇಲಿಗೆ ಸೀಟಿನ ಫೋಮ್ ಹಾಸಿಗೆ, ಏರ್ ಫಿಲ್ಟರ್ ಬಾಣಂತಿ ಕೋಣೆ, ವೈರಿನ ಹೊದಿಕೆ ಬಾಯಾಡಿಸಲಿಕ್ಕೆ. ಅದರ ಉಚ್ಚೆ ಅಲ್ಯೂಮಿನಿಯಂ ತಿನ್ನುತ್ತದೆ. ರೆಕ್ಕೆಯನ್ನು ಮೂರು ಜೋಲಿಯಲ್ಲಿ ತೊಲೆಗೆ ತೂಗುಹಾಕಿ, ಪ್ರತಿ ಹಗ್ಗಕ್ಕೂ ಅಗಲ ತಗಡಿನ ತಟ್ಟೆ ಪೋಣಿಸಿ, ಹಡಗಿನ ಹಗ್ಗಕ್ಕೆ ಹಾಕುತ್ತಾರಲ್ಲ ಹಾಗೆ. ಸೈಲೆನ್ಸರ್ ಬಾಯಿಗೂ ಫಿಲ್ಟರಿಗೂ ಮುಚ್ಚಳ ಬೇಕು. ಕಿಂಡಿ ಬಿಟ್ಟರೆ ಕಾಯಲು ಓಬವ್ವ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು ವಿಮಾನದೊಳಗೆ ಕೂತು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ. ದಾವಣಗೆರೆಯಲ್ಲಿ ಇದು ಕಷ್ಟದ ಮಾತು, ಗೊತ್ತು.

ಕಣಜದಲ್ಲಿ ಇನ್ನೊಂದು ಕಣಜವಿದೆ, ಮಣ್ಣಿನ ಗೂಡು ಕಟ್ಟುವ ಹುಳ. ವೇಗ ಅಳೆಯುವ ಪಿಟೋ ಕೊಳವೆಯ ತೂತು ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ. ಅದು ಮುಚ್ಚಿಹೋದರೆ ನೆಲದ ಮೇಲೆ ಎಷ್ಟು ಓಡಿದರೂ ವೇಗದ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಗಾಳಿತೂತು ಮುಚ್ಚಿದರೆ ಇನ್ನೂ ಕೇಡು: ಒಳಗೆ ಗಾಳಿ ಬಾರದೆ ಪೆಟ್ರೋಲ್ ಹರಿಯುವುದು ನಿಂತು, ಎಂಜಿನ್ ನಿಲ್ಲುವುದು ಸರಿಯಾಗಿ ಮೇಲೇರಿದ ಮೇಲೆ. ಎರಡಕ್ಕೂ ಕೆಂಪು ರಿಬ್ಬನ್ ಕಟ್ಟಿದ ಬಿರಡೆ ಹಾಕಿ. ಬಿರಡೆ ತೆಗೆಯುವುದನ್ನೇ ಮರೆತು ಹುಳಕ್ಕೆ ಬೈಯುವವರಿದ್ದಾರೆ.

ಜೋಳದ ಕಾಟ ಗೋಡೌನಿಗೆ ಮುಗಿಯುವುದಿಲ್ಲ, ಟ್ಯಾಂಕಿಗೂ ಬರುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಕಬ್ಬಿನಿಂದಲೂ ಮಾಡುತ್ತಾರೆ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಇಂಥ ಟ್ರೈಕಿಗೆ ಹಾಕುವ ರೋಟ್ಯಾಕ್ಸ್ ಎಂಜಿನ್ ಮಾಡುವವರು ಒಪ್ಪುವುದು ಶೇ. 10ರವರೆಗೆ. ಎಥನಾಲ್ ಎಷ್ಟಿದೆ ಅಂತ ನೋಡಲು 100 ಮಿ.ಲೀ. ಅಳತೆ ಗಾಜಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ, ಐದು ನಿಮಿಷ ಬಿಡಿ. ತಳದ ನೀರಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ಕ್ಕೆ ಏರಿದರೆ ಶೇ. 10, 28ರ ಹತ್ತಿರ ಹೋದರೆ ಶೇ. 20. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಟ್ಯಾಂಕಿನಿಂದ ಎಳೆಯುವ ಪೈಪು ಇರುವುದೂ ತಳದಲ್ಲೇ. ಆ ನೀರುಗೂಡಿದ ಸಾರಾಯಿಯಲ್ಲಿ ನಾವು ಪೆಟ್ರೋಲಿಗೆ ಬೆರೆಸಿದ ಆಯಿಲ್ ಇರುವುದಿಲ್ಲ, ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ರಬ್ಬರ್ ಪೈಪುಗಳು ಬೇಗ ಹಾಳಾಗುವುದು ಇದರ ಮೇಲಿನ ಬೋನಸ್ಸು.

ರೋಟ್ಯಾಕ್ಸ್ 582 ಟೂ ಸ್ಟ್ರೋಕ್ ಎಂಜಿನ್. 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ 20 ಲೀಟರ್ ಕ್ಯಾನಿಗೆ 400 ಮಿ.ಲೀ. ಮೊದಲು ಎರಡು ಲೀಟರಿನಲ್ಲಿ ಆಯಿಲ್ ಕಲಸಿ, ಆಮೇಲೆ ಉಳಿದದ್ದು ಸುರಿಯಿರಿ. ಬೆರೆಸಿದ ಕೂಡಲೇ ಕ್ಯಾನಿನ ಮೇಲೆ ತಾರೀಖು ಬರೆಯಿರಿ. ‘ಆಯಿಲ್ ಹಾಕಿದ್ವಾ, ಇಲ್ವಾ?’ ಎಂಬ ಪ್ರಶ್ನೆಗೆ ಜ್ಞಾಪಕದಿಂದ ಉತ್ತರ ಹುಡುಕಬೇಡಿ. ಪ್ಲಗ್ ನಾಲ್ಕು, ತಲೆ ಗಟ್ಟಿಯಾಗಿ ಕೂತಿರುವಂಥವೇ ಆಗಬೇಕು. ಬೈಕ್ ಅಂಗಡಿಯವರು ಕೊಡುವ, ತಿರುಪಿ ಬಿಚ್ಚುವ ತಲೆಯ ಪ್ಲಗ್ ನಡುಕಕ್ಕೆ ತಾನೇ ಸಡಿಲಾಗುತ್ತದೆ.

ರೆಕ್ಕೆ ಬಿಚ್ಚಿ ಕಟ್ಟುವಾಗ ಬಟ್ಟೆಯೊಳಗೆ ಬ್ಯಾಟನ್ ಎಂಬ ಬಾಗಿದ ಕಡ್ಡಿಗಳನ್ನು ತೂರಿಸಬೇಕು. ಎಡದ್ದು ಬಲಕ್ಕೆ ಹೋದರೆ, ಅಥವಾ ಒಂದರ ಬಾಗು ಕಾಗದದ ನಮೂನೆಗೆ ಕೂಡದಿದ್ದರೆ ವಿಮಾನ ಒಂದೇ ಕಡೆ ಎಳೆಯುತ್ತದೆ, ಯಜಮಾನರು ಗಾಳಿಯನ್ನು ದೂರುತ್ತಾರೆ. ಎಲ್ಲ ಮುಗಿದ ಮೇಲೆ ಚೀಲದಲ್ಲಿ ಒಂದು ಕಡ್ಡಿ ಉಳಿದರೆ ‘ಸ್ಪೇರ್ ಇರಬೇಕು’ ಅಂದುಕೊಳ್ಳಬೇಡಿ. ಕಂಪನಿ ಸ್ಪೇರ್ ಕೊಡುವುದಿಲ್ಲ.

ಗಾಳಿಯ ವಿಷಯಕ್ಕೆ ಬಂದರೆ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ರೆಕ್ಕೆ ಬಿಚ್ಚಲೇಬೇಡಿ. ಬೇಸಿಗೆಯಲ್ಲಿ ಬೆಳಗಿನ ಒಂಬತ್ತರೊಳಗೆ ಕೆಲಸ ಮುಗಿಸಿ. ಆಮೇಲೆ ಉತ್ತ ಹೊಲಗಳ ಮೇಲೆ ಸುಳಿಗಾಳಿ ಏಳುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. 38 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳುವಾಗಿ, ಎಂಜಿನ್ನಿಗೂ ರೆಕ್ಕೆಗೂ ಅದೇ ಜಾಗ ಸುಮಾರು 1,600 ಮೀಟರ್ ಎತ್ತರ ಅನ್ನಿಸುತ್ತದೆ. ಮಡಿಕೇರಿಗಿಂತ ಮೇಲೆ, ಆದರೆ ಅಲ್ಲಿಯ ತಂಪಿಲ್ಲ. ಓಟ ಉದ್ದವಾಗುತ್ತದೆ, ಏರುವುದು ನಿಧಾನ. ಬೆಣ್ಣೆ ದೋಸೆ ಇಳಿದ ಮೇಲೆ ತಿಂದರಾಯಿತು.

ಚಳ್ಳಕೆರೆ ದಿಕ್ಕಿಗೆ ಮೂತಿ ತಿರುಗಿಸುವ ಮಾತೇ ಬೇಡ. ಅಲ್ಲಿ ಡಿಆರ್‌ಡಿಓದ ಪರೀಕ್ಷಾ ವಲಯವಿದೆ. ಇಸ್ರೋ ತನ್ನ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಳಿಸಿದ್ದು ಅಲ್ಲೇ. ಅದು ಎಂಜಿನ್ ಇಲ್ಲದೆ ತೇಲಿ ಇಳಿಯುತ್ತದೆ, ಹಾಗಾಗಿ ಅದರ ಮೈಲೇಜ್ ಯಾರೂ ಕೇಳುವುದಿಲ್ಲ.

ನಮ್ಮದಕ್ಕೆ ಕೇಳುತ್ತಾರೆ. ಎಂಜಿನ್ ಶುರುವಾದರೆ ಸಾಕು, ಜೋಳ ಒಣಗಿಸುತ್ತಿದ್ದವರೆಲ್ಲ ಸುತ್ತ ಸೇರುತ್ತಾರೆ. ‘ಸೈನಿಕ ಹುಳಕ್ಕ ಔಷಧಿ ಹೊಡಿಯೋದೇನಣ್ಣಾ?’ ‘ಸಬ್ಸಿಡಿ ಐತೇನು?’ ‘ಬಿಡ್ರಿ ಇನ್ನ, ಎಷ್ಟೊತ್ತು ಗುರ್ ಅನ್ನಸ್ತೀರಿ!’ ಈ ಕೊನೆಯ ಮಾತಿಗೆ ಮರುಳಾಗಿ ಪೂರ್ತಿ ಥ್ರಾಟಲ್ ಕೊಟ್ಟರೆ ಕೆಲಸ ಕೆಟ್ಟಿತು. ಪಿಸ್ಟನ್ ಬೇಗ ಕಾದು ಹಿಗ್ಗುತ್ತದೆ, ನೀರಿನ ತಂಪಿನಲ್ಲಿರುವ ಸಿಲಿಂಡರ್ ಇನ್ನೂ ಹಿಗ್ಗಿರುವುದಿಲ್ಲ, ಎರಡೂ ಕಚ್ಚಿಕೊಳ್ಳುತ್ತವೆ. ಮೀಟರಿನಲ್ಲಿ ನೀರಿನ ಶಾಖ 65 ಡಿಗ್ರಿ ಮುಟ್ಟುವವರೆಗೆ ಯಾರು ಏನಂದರೂ ಕದಲಬೇಡಿ. ಹೊತ್ತು ಕಳೆಯಲು ಮೈಲೇಜಿನ ಪ್ರಶ್ನೆಗೆ ಉತ್ತರಿಸಬಹುದು: ಗಂಟೆಗೆ 80 ಕಿ.ಮೀ. ವೇಗ, ಸುಮಾರು 15 ಲೀಟರ್ ಪೆಟ್ರೋಲ್, ಅಂದರೆ ಲೀಟರಿಗೆ ಐದು ಚಿಲ್ಲರೆ.

ಅಷ್ಟು ಹೇಳಿದಾಗ ಗುಂಪಿನ ಹಿಂದೆ ಬೀಡಿ ಹಚ್ಚುತ್ತಿದ್ದ ಕ್ಯಾಂಟರ್ ಡ್ರೈವರಣ್ಣ ತಲೆ ಎತ್ತುತ್ತಾನೆ. ಮೊದಲು ಬೀಡಿ ಆರಿಸಲು ಹೇಳಿ. ಆರಿಸಿ ಅವನು ಅನ್ನುತ್ತಾನೆ, ‘ನಂದು ಎಂಟು ಕೊಡ್ತತಿ. ಅದೂ ಇದನ್ನ ಹೊತ್ಕಂಡು.’