ಕೋಟೆ ಕೆರೆ ದಂಡೆಯ ಮರು ಅಭಿವೃದ್ಧಿಗೆ ಬೆಳಗಾವಿ ಮೇಯರ್ ಮುಂದಾಗಬೇಕೆ?

ಪರ

ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ಬೆಳಗಾವಿಯೂ ಒಂದು. 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿ ಮುಗಿದಿರುವುದರಿಂದ, ಕೋಟೆ ಕೆರೆಯ ದಂಡೆಯ ಹೊಣೆಯನ್ನು ಇನ್ನು ಮಹಾನಗರ ಪಾಲಿಕೆಯೇ ಹೊರಬೇಕು; ಪಾಲಿಕೆಯ ಪರವಾಗಿ ಮುಂದೆ ನಿಲ್ಲಬೇಕಾದವರು ಮೇಯರ್.

ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ದಿನವೂ ನಡೆಯಬೇಕೆಂದು ನಮ್ಮ ಅತ್ತೆಯವರಿಗೆ ವೈದ್ಯರು ಹೇಳಿದ್ದಾರೆ. ನಮ್ಮ ಗಲ್ಲಿಯ ಎರಡೂ ಬದಿಗೆ ಬೈಕುಗಳು ನಿಂತಿರುತ್ತವೆ, ಹಾಗಾಗಿ ಸಂಜೆ ಅವರನ್ನು ಕೆರೆಯ ದಂಡೆಗೇ ಕರೆತರುತ್ತೇನೆ. ಶೌಚಕ್ಕೆ ಹೋಗಬೇಕಾದೀತೆಂಬ ಅಂಜಿಕೆಯಿಂದ ಅವರು ಮಧ್ಯಾಹ್ನದ ಊಟವಾದ ಮೇಲೆ ನೀರನ್ನೇ ಮುಟ್ಟುವುದಿಲ್ಲ. ಒಂದು ಕೈ ನನ್ನ ಭುಜದ ಮೇಲಿಟ್ಟು, ಇನ್ನೊಂದರಲ್ಲಿ ಸೀರೆಯ ನಿರಿಗೆ ಹಿಡಿದು ನಿಧಾನವಾಗಿ ನಡೆಯುವ ಅವರು, ಕತ್ತಲಾಗುತ್ತಲೇ "ಸಾಕವ್ವಾ, ಇನ್ನ ಮನೀಗೆ ಹೋಗೂಣು" ಎನ್ನುತ್ತಾರೆ. ಅವರಂಥ ಹೆಂಗಸರಿಗೆ ಬೇಕಾದದ್ದು ಬೆಳಕು, ಚೊಕ್ಕ ಶೌಚಾಲಯ, ಕೂರಲು ಕಟ್ಟೆ. ಗಿರ್ಮಿಟ್, ಮಿರ್ಚಿ ಮಾರುವವರಿಗೆ ಗೊತ್ತುಪಡಿಸಿದ ಜಾಗ ಸಿಕ್ಕರೆ ಜನ ಸೇರುತ್ತಾರೆ, ಜನರಿದ್ದಲ್ಲಿ ಹೆಂಗಸರಿಗೆ ಧೈರ್ಯವಿರುತ್ತದೆ. ಇಷ್ಟನ್ನು ಕೇಳಿದರೂ "ಮೊದಲು ಕೊಳಚೆ ನಿಲ್ಲಲಿ" ಎನ್ನುವವರಿಗೆ ಯಾವ ಕೆಲಸವೂ ಆರಂಭವಾಗುವುದೇ ಬೇಕಿಲ್ಲ. ಅವರ ಒಪ್ಪಿಗೆಗಾಗಿ ಕಾಯುತ್ತ ಕೂತರೆ ನಮ್ಮ ಅತ್ತೆಯವರ ಕಾಲದಲ್ಲಂತೂ ಒಂದು ದೀಪವೂ ಹತ್ತಲಿಕ್ಕಿಲ್ಲ.

ವಿರೋಧ

ದೀಪ, ಶೌಚಾಲಯಗಳಿಗೆ ನನ್ನ ತಕರಾರೇನೂ ಇಲ್ಲ. ಆದರೆ ಮರು ಅಭಿವೃದ್ಧಿಯ ಹೆಸರಿನಲ್ಲಿ ದಂಡೆಗೆ ಮಳಿಗೆ, ಹೋಟೆಲುಗಳು ಬರುವುದನ್ನು ಒಪ್ಪಲಾಗದು. ಕೆರೆ ಸಂರಕ್ಷಣೆಗಾಗಿ ರಾಜ್ಯವು 2014ರಲ್ಲಿ ತಂದ ಕಾಯ್ದೆ, ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದೆಂದಿತ್ತು. ಪರವಾಗಿ ಬರೆಯುವವರಿಗೆ ಕೆರೆಯೆಂದರೆ ಮಿರ್ಚಿ ತಿನ್ನುತ್ತ ನೋಡುವ ನೋಟವಷ್ಟೇ. ಕೊಳಚೆಯೊಂದಿಗೆ ಬರುವ ಸಾರಜನಕ, ರಂಜಕಗಳಿಂದ ಪಾಚಿ ಬೆಳೆಯುತ್ತದೆ. ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಕುಂದಿ ಮೀನುಗಳು ಸಾಯುತ್ತವೆ. ದಂಡೆಗೆ ಎಷ್ಟು ಹಾಸುಗಲ್ಲು ಹಾಕಿದರೂ ಇದು ನಿಲ್ಲುವುದಿಲ್ಲ. 2018ರಲ್ಲಿ ಇದೇ ಕೆರೆಯ ಬಳಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಂತಾಗ ಊರೆಲ್ಲ ಹೆಮ್ಮೆಪಟ್ಟಿತು, ಅದು ಸರಿಯಾದದ್ದೇ. ಒಳಚರಂಡಿಗೆ ಮಾತ್ರ ಅಂಥ ಉತ್ಸಾಹ ಸಿಗುವುದಿಲ್ಲ.

ಮೇಯರ್ ಬಗ್ಗೆಯೂ ಒಂದು ಮಾತು. ಪಾಲಿಕೆಗಳ 1976ರ ಕಾಯ್ದೆಯಂತೆ ಕಾರ್ಯನಿರ್ವಹಣೆಯ ಅಧಿಕಾರ ಆಯುಕ್ತರದು, ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಆ ಸಭೆಯಲ್ಲಿ ಕೆರೆಗೆ ಸೇರುವ ಚರಂಡಿಗಳನ್ನು ತಡೆಯುವ ವಿಷಯವನ್ನು ಮೊದಲು ಮಂಡಿಸಲಿ, ದಂಡೆಯ ನಕ್ಷೆ ಆಮೇಲೆ ಬರಲಿ.