ಹಸಿರು ಸೀರೆಯವರು ಯಾರು?

ಬ್ರಹ್ಮಕಮಲ ಅರಳುವುದನ್ನು ಟೈಮ್‌ಲ್ಯಾಪ್ಸ್ ಮಾಡುವ, ಅಂದರೆ ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ಪೋಣಿಸಿ ಪುಟ್ಟ ವಿಡಿಯೋ ಮಾಡುವ ಲೆಕ್ಕ ಸುಲಭ. ಸೆಕೆಂಡಿಗೆ 25 ಫೋಟೋ ಅಂದರೆ, 10 ಸೆಕೆಂಡಿನ ವಿಡಿಯೋಗೆ 250 ಬೇಕು. ಹೂವಿಗೆ ಮೂರು ಗಂಟೆ ಹಿಡಿದರೆ ಸುಮಾರು 43 ಸೆಕೆಂಡಿಗೊಂದು ಕ್ಲಿಕ್. ಈಗಿನ ಎಷ್ಟೋ ಕ್ಯಾಮೆರಾಗಳು ಇದನ್ನು ತಾವೇ ಮಾಡಿಕೊಳ್ಳುತ್ತವೆ. ನನ್ನ ಹಳೇ ಕ್ಯಾನನ್‌ಗೆ ಮಾತ್ರ ಹೊರಗಿನಿಂದ ಇಂಟರ್ವಲೋಮೀಟರ್, ಅಂದರೆ ಹೊತ್ತುಹೊತ್ತಿಗೆ ತಾನೇ ಕ್ಲಿಕ್ಕಿಸುವ ಡಬ್ಬಿ, ಸಿಕ್ಕಿಸಬೇಕು.

“ಅದಕ್ಯಾಕೆ ದುಡ್ಡು ದಂಡ? ನಾನೇ ಕೂತು ಒತ್ತುತ್ತೀನಿ” ಅಂದರು ಮಾವ. ಟಿವಿ ವಾರ್ತೆಯಲ್ಲಿ ಹವಾಮಾನ ಬರುವಷ್ಟರಲ್ಲಿ ಗೊರಕೆ ಹೊಡೆಯುವ ಮನುಷ್ಯ! ಅಂಗಡಿಗೆ ಹೋದೆ.

“ಕ್ಯಾನನ್ನಾ? ಇದು ಬರುತ್ತೆ ಸಾರ್” ಅಂದ ಅಂಗಡಿಯವನು ಕೊಟ್ಟ ವೈರಿನ ತುದಿಯಲ್ಲಿ ಮೂರು ಪಿನ್ನಿನ ದುಂಡನೆಯ ಪ್ಲಗ್ಗು. ಅದರ ಹೆಸರು ಎನ್3, ಕ್ಯಾನನ್‌ನ ದೊಡ್ಡ ಕ್ಯಾಮೆರಾಗಳದ್ದು. ನನ್ನಂಥವರ ಸಣ್ಣ ಕ್ಯಾಮೆರಾಕ್ಕೆ ಬೇಕಾದದ್ದು 2.5 ಮಿಲಿಮೀಟರಿನ ಪಿನ್ನು. “ಇಯರ್‌ಫೋನಿಂದು ತಾನೇ?” ಅಂದ. ಅದು 3.5, ಸ್ವಾಮಿ! ನಿಕಾನ್, ಸೋನಿಗಳ ತೂತುಗಳೇ ಬೇರೆ. ಹೆಣ್ಣು-ಗಂಡಿನ ಜಾತಕ ಇದಕ್ಕಿಂತ ಬೇಗ ಕೂಡಿಬರುತ್ತದೆ. ಕೊನೆಗೆ ಕ್ಯಾಮೆರಾವನ್ನೇ ಕೌಂಟರ್ ಮೇಲಿಟ್ಟು, ಸಿಕ್ಕಿಸಿ, ಕ್ಲಿಕ್ ಅಂದಮೇಲೇ ದುಡ್ಡು ಕೊಟ್ಟೆ.

ವೈರ್‌ಲೆಸ್ಸೂ ಇತ್ತು. ಬೇಡ ಅಂದೆ. ಕ್ಯಾಮೆರಾ ಮೇಲೊಂದು ಡಬ್ಬಿ, ಕೈಯಲ್ಲೊಂದು ಡಬ್ಬಿ, ಎರಡಕ್ಕೂ ಬ್ಯಾಟರಿ. ನಡುರಾತ್ರಿ ಯಾವುದು ಸತ್ತಿದೆ ಅಂತ ಹುಡುಕುವವರು ಯಾರು? ವೈರಿನದ್ದು ಸುಮ್ನೆ ಟ್ರೈಪಾಡಿಗೆ ನೇತಾಡಿಕೊಂಡಿರುತ್ತದೆ. ಅಗ್ಗದ ಮಾಡೆಲಿನ ಒಂದೇ ತಕರಾರು, ಆಫ್ ಬಟನ್ನೇ ಇಲ್ಲ. ಕೆಲಸ ಮುಗಿದಮೇಲೆ ಸೆಲ್ ಕಳಚಿಡಬೇಕು. ಆ ಸೆಲ್ಲುಗಳು ಆಮೇಲೆ ಟಿವಿ ರಿಮೋಟಿನೊಳಗೆ ಸಿಗುತ್ತವೆ, ಅದು ಬೇರೆ ವಿಷಯ.

ಮೊಗ್ಗು ಬಿರಿಯುವ ರಾತ್ರಿ ಎಲ್ಲಾ ಸರಿಯಾಗಿತ್ತು. ಆಟೋಫೋಕಸ್ ಆಫ್, ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸು ತಡಕಾಡುತ್ತಲೇ ಇರುತ್ತದೆ. ಒಂದೇ ದೀಪ, ಅದೂ ಅಲ್ಲಾಡದ ಹಾಗೆ. ಯಂತ್ರ ಗಡಿಯಾರದಂತೆ ಕ್ಲಿಕ್ಕಿಸುತ್ತಿತ್ತು. ಅಷ್ಟರಲ್ಲಿ ಅಮ್ಮ ಬೀದಿಗೆಲ್ಲಾ ಫೋನ್ ಮಾಡಿ ಮುಗಿಸಿದ್ದರು. ಬ್ರಹ್ಮಕಮಲ ಅರಳಿದರೆ ಕರೆಯದೆ ಇರೋಕಾಗುತ್ತಾ? ಒಬ್ಬರು ಕುಂಕುಮ ತಂದರು, ಇನ್ನೊಬ್ಬರು ಆರತಿ. ಮಕ್ಕಳ ಕೈಯಲ್ಲಿ ಮೊಬೈಲ್, ಎಲ್ಲದರಲ್ಲೂ ಫ್ಲ್ಯಾಶು. “ಯಾರೂ ಕ್ಯಾಮೆರಾ ಮುಟ್ಟಬೇಡಿ” ಅಂದೆ. ಪಾಪ, ಯಾರೂ ಮುಟ್ಟಲಿಲ್ಲ. ಅದರ ಮುಂದೆ ನಿಂತರು, ಅಷ್ಟೇ.

ವಿಡಿಯೋದಲ್ಲಿ ಹೂ ಅರಳಿದ್ದು ನಿಜ, ತಲೆಗಳ ಸಂದಿಯಲ್ಲಿ. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹೂವಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಆರನೇ ಸೆಕೆಂಡಿನಲ್ಲಿ ಹಾದುಹೋದ ಹಸಿರು ಸೀರೆ ಯಾರದು, ಎಲ್ಲಿ ತಗೊಂಡಿದ್ದು, ಎಷ್ಟಾಯಿತು ಅಂತ ಅತ್ತಿಗೆ ಇನ್ನೂ ಕೇಳುತ್ತಿದ್ದಾರೆ.